ಮೂವತ್ತೆಂಟು ಬೆರಳು ಜೇನು

ಆ ಬೆಳಿಗ್ಗೆ ಮಂಜು ಬಿದ್ದಿತ್ತು. ಬೇಲಿ ಕಾಣುತ್ತಿರಲಿಲ್ಲ, ಬೇಲಿಯಾಚೆಯ ದಾರಿಯೂ ಕಾಣುತ್ತಿರಲಿಲ್ಲ. ಗಾಳಿ ಇನ್ನೂ ಎದ್ದಿರಲಿಲ್ಲ. ಇಂಥ ಬೆಳಗಿನಲ್ಲಿ ಜೇನುನೊಣ ಗೂಡಿನ ಬಾಯಿಯವರೆಗೆ ನಡೆದು ಬಂದು, ಹೊರಗೊಮ್ಮೆ ನೋಡಿ, ಸ್ವಲ್ಪ ತಡವಾದರೆ ಏನೂ ಮುಳುಗಿಹೋಗುವುದಿಲ್ಲ ಎಂಬಂತೆ ಮತ್ತೆ ಒಳಗೆ ಹೋಗಿಬಿಡುತ್ತದೆ. ದೇವರು ಅದಕ್ಕೆ ಅಷ್ಟು ವಿವೇಕ ಕೊಟ್ಟಿದ್ದಾನೆ. ಮನುಷ್ಯನಿಗೂ ಕೊಟ್ಟಿದ್ದಾನೆ, ಮನುಷ್ಯ ಅದನ್ನು ಎಲ್ಲೋ ಜೋಪಾನವಾಗಿಟ್ಟು, ಇಟ್ಟ ಜಾಗ ಮರೆಯುತ್ತಾನೆ.

ಜೇನಿನವನು ಆ ಮಂಜಿನಲ್ಲೇ ಎದ್ದು ಹಿತ್ತಲಿಗೆ ಹೋದ. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಆದರೆ ಮೂವತ್ತು ವರ್ಷದಿಂದ ಊರೆಲ್ಲ ಕರೆಯುತ್ತಿದ್ದದ್ದು ಹಾಗೇ. ಅರವತ್ನಾಲ್ಕು ವರ್ಷದ ಗಂಡಸು. ಗಡ್ಡ ಬಿಳಿ, ಕೈ ಕಪ್ಪು, ಬಲ ಮಂಡಿ ಮಾತ್ರ ತೊಂಬತ್ತು ವರ್ಷದವನದ್ದು. ಏಳೂವರೆಗೆ ಅವನು ಆಸ್ಪತ್ರೆಯಲ್ಲಿರಬೇಕಿತ್ತು.

ಯಾಕೆಂದರೆ ಹಿಂದಿನ ದಿನ ಹತ್ತು ಗಂಟೆಯ ಹೊತ್ತಿಗೆ, ಹದಿನಾಲ್ಕನೇ ಪೆಟ್ಟಿಗೆಯನ್ನು ನೆರಳಿಗೆ ಸರಿಸಲು ಎತ್ತಿದಾಗ, ಯಾರೋ ಎದೆಯ ಸುತ್ತ ಹಗ್ಗ ಸುತ್ತಿ ಬಿಗಿದ ಹಾಗಾಗಿತ್ತು. ಪೆಟ್ಟಿಗೆಯನ್ನು ಬೀಳಿಸಲಿಲ್ಲ, ಮೆಲ್ಲಗೆ ಕೆಳಗಿಟ್ಟ. ಆಮೇಲೆ ಕಲ್ಲಿನ ಮೇಲೆ ಕೂತ. ಕಾಲು ಗಂಟೆಯಲ್ಲಿ ಹಗ್ಗ ತಾನಾಗಿಯೇ ಸಡಿಲವಾಯಿತು. ಯಾರೂ ನೋಡಲಿಲ್ಲ ಎಂದುಕೊಂಡು ಎದ್ದರೆ, ಅಡುಗೆಮನೆಯ ಕಿಟಕಿಯಲ್ಲಿ ಹೆಂಡತಿಯ ಮುಖ ಇತ್ತು.

"ಗ್ಯಾಸು," ಎಂದ, ಅವಳು ಕೇಳುವ ಮೊದಲೇ.

"ಗ್ಯಾಸಾದ್ರೆ ಅಂಗಿ ಯಾಕೆ ಒದ್ದೆಯಾಗಿದೆ?" ಎಂದಳು ಅವಳು. ಹೆಚ್ಚು ಮಾತಾಡುವ ಹೆಂಗಸಲ್ಲ. ಹತ್ತು ನಿಮಿಷದಲ್ಲಿ ಸೀರೆ ಬದಲಿಸಿ ಬಾಗಿಲಲ್ಲಿ ನಿಂತಿದ್ದಳು.

ಆಸ್ಪತ್ರೆಯಲ್ಲಿ ಎದೆಯ ಮೇಲೆ ತಂತಿ ಅಂಟಿಸಿ ತೆಗೆದ ಇಸಿಜಿ ಚೆನ್ನಾಗಿತ್ತು. ಎರಡು ಸಲ ರಕ್ತ ತೆಗೆದರು, ಎರಡೂ ಸಲ ಚೆನ್ನಾಗಿತ್ತು. ಓಡುವ ಪಟ್ಟಿಯ ಮೇಲೆ ಓಡಿಸಿ ನೋಡೋಣವೆಂದರೆ ಮಂಡಿ ಒಪ್ಪಲಿಲ್ಲ. ಹೃದಯದ ಡಾಕ್ಟರು ನಿಧಾನದ ಮನುಷ್ಯ. ಕನ್ನಡಕ ಹಣೆಗೇರಿಸಿಕೊಂಡು ಹೇಳಿದರು: "ನೋವು ಬಂದು ಹೋಗಿದೆ, ಯಜಮಾನ್ರೇ. ಹೋದ ಕಳ್ಳನ್ನ ಈಗ ಹೆಜ್ಜೆ ನೋಡಿ ಹಿಡೀಬೇಕು. ಹೃದಯಕ್ಕೆ ಒಂದು ಗಳಿಗೆ ರಕ್ತ ಸಾಲದೆ ಹೋದ್ರೂ ಅದು ಒಂದು ದಿನ, ಒಂದೂಕಾಲು ದಿನ ಅದನ್ನ ನೆನಪಿಟ್ಕೊಂಡಿರುತ್ತೆ. ನಾಳೆ ಒಂದು ಸ್ಕ್ಯಾನ್ ಮಾಡಿದ್ರೆ ಸಿಗುತ್ತೆ. ನಾಡಿದ್ದು ಮಾಡಿದ್ರೆ ಅದೂ ಮರೆತಿರುತ್ತೆ, ನಾವೂ ಮರೀಬೇಕು."

ರಾತ್ರಿಯ ಊಟಕ್ಕೆ ಮೊಟ್ಟೆ, ಬೆಣ್ಣೆ, ಸೊಪ್ಪು ಮಾತ್ರ. ಧಾನ್ಯದ್ದು ಏನೂ ಬೇಡ, ಹಣ್ಣು ಬೇಡ. ಸಕ್ಕರೆಯ ಹೆಸರೇ ಎತ್ತುವಂತಿಲ್ಲ. ಆಮೇಲೆ ಸ್ಕ್ಯಾನ್ ಮುಗಿಯುವವರೆಗೆ ನೀರು ಬಿಟ್ಟು ಬೇರೇನೂ ತಿನ್ನುವಂತಿಲ್ಲ. ಜೇನಿನವನು ಎಲ್ಲಕ್ಕೂ ತಲೆಯಾಡಿಸಿದ್ದ. ಒಪ್ಪಿಕೊಂಡದ್ದಕ್ಕೆ ಕಾರಣವೂ ಇತ್ತು. ಬಯಲಿನ ಹೂವು ಮುಗಿದಿತ್ತು. ಗುಡ್ಡದ ಮೇಲೆ ಹೂವು ಬಿಡುವ ಕಾಲ ಬಂದಿತ್ತು, ಅದೂ ಮೂರೇ ವಾರ. ಮೂವತ್ತೆಂಟು ಪೆಟ್ಟಿಗೆ ಹೊತ್ತು ಹೋಗುವ ಲಾರಿ ಸ್ಕ್ಯಾನ್ ಆದ ಎರಡು ದಿನಕ್ಕೆ ಬೆಳಿಗ್ಗೆ ಬರುವುದಿತ್ತು. ಸ್ಕ್ಯಾನಿನಲ್ಲಿ ಏನೂ ಇಲ್ಲ ಎಂದಾಗಲಿ, ಹೆಂಡತಿಯ ಬಾಯಿ ಮುಚ್ಚಲಿ, ತಾನು ಗುಡ್ಡಕ್ಕೆ ಹೋಗುತ್ತೇನೆ. ಇಷ್ಟೇ ಅವನ ಲೆಕ್ಕ. ಹೋಗದಿದ್ದರೆ ನೊಣಗಳು ಹಸಿವಿನಿಂದ ಸಾಯುತ್ತವೆ. ಬೇರೆಯವರ ಕೈಗೆ ಪೆಟ್ಟಿಗೆ ಕೊಡುವ ಮಾತೇ ಅವನ ಲೆಕ್ಕದಲ್ಲಿ ಇರಲಿಲ್ಲ.

ಹೀಗಾಗಿ ಆ ಮಂಜಿನಲ್ಲಿ ಅವನು ಒಂದೊಂದೇ ಪೆಟ್ಟಿಗೆಯ ಮುಚ್ಚಳವನ್ನು ಬೆರಳಗಲ ಎತ್ತಿ, ಉಳಿಯಿಂದ ಅಂಚಿನ ಮೇಣ ಕೆರೆದು, ನೋಡಬೇಕಾದ್ದನ್ನು ನೋಡಿ, ಮುಚ್ಚುತ್ತ ಬಂದ. ಮೂವತ್ತೆಂಟೂ ಮುಗಿದಾಗ ಪೂರ್ವದಲ್ಲಿ ಮಂಜು ಹಾಲಿನಂತಾಗಿತ್ತು. ಕೈ ತೊಳೆದು, ಉಳಿಯನ್ನು ಜೇಬಿಗೆ ಹಾಕಿಕೊಂಡು ಹೆಂಡತಿಯ ಜೊತೆ ಬಸ್ಸಿಗೆ ಹೊರಟ.

ಸ್ಕ್ಯಾನಿನ ವಿಭಾಗ ಆಸ್ಪತ್ರೆಯ ನೆಲಮಾಳಿಗೆಯಲ್ಲಿತ್ತು. ದಪ್ಪ ಬಾಗಿಲು, ಬಾಗಿಲ ಮೇಲೆ ಹಳದಿ ಹಲಗೆ, ಹಲಗೆಯಲ್ಲಿ ಮೂರು ಕಪ್ಪು ದಳ.

"ಇದ್ಯಾವ ಹೂವು?" ಎಂದ ಜೇನಿನವನು.

"ಇದಕ್ಕೆ ನೊಣ ಕೂರಲ್ಲ, ಯಜಮಾನ್ರೇ. ವಿಕಿರಣ ಇದೆ ಅಂತ ಗುರುತು," ಎಂದು, ಅವನ ಚೀಟಿಯಲ್ಲಿ ಕಸುಬು ಓದಿಕೊಂಡಿದ್ದ ಒಬ್ಬಳು ಒಳಗಿನಿಂದ ನಗುತ್ತ ಬಂದಳು. ಮೂವತ್ತೈದರ ಹೆಣ್ಣುಮಗಳು, ತುರುಬಿನಲ್ಲಿ ಎರಡು ಪೆನ್ನು. ಸ್ಕ್ಯಾನಿನ ಯಂತ್ರ ನಡೆಸುವವಳು ಅವಳೇ. ಮೈಯೊಳಗಿನ ಬೆಳಕು ಹುಡುಕುವ ಕೆಲಸವಾದ್ದರಿಂದ ಆ ನೆಲಮಾಳಿಗೆಯಲ್ಲಿ ಎಲ್ಲರೂ ಅವಳನ್ನು ಬೆಳಕಿನಕ್ಕ ಎನ್ನುತ್ತಿದ್ದರು.

"ಬೆಳಿಗ್ಗೆಯಿಂದ ಏನಾದ್ರೂ ತಿಂದ್ರಾ?"

"ಇಲ್ಲ ತಾಯಿ."

"ಕುಡಿದ್ರಾ?"

"ನೀರು."

ಸುಳ್ಳು ಹೇಳುವ ಮನುಷ್ಯನ ಕಣ್ಣು ಒಂದು ಕ್ಷಣ ಬೇರೆ ಕಡೆ ಹೋಗಿಬರುತ್ತದೆ. ಇವನದು ಹೋಗಲಿಲ್ಲ. ಬೆಳಕಿನಕ್ಕ ತೃಪ್ತಿಯಿಂದ ಬರೆದುಕೊಂಡು, ಬೆರಳಿಗೆ ಚುಚ್ಚಿ ಒಂದು ಹನಿ ರಕ್ತವನ್ನು ಸಣ್ಣ ಯಂತ್ರಕ್ಕೆ ತೋರಿಸಿದಳು. ಯಂತ್ರ ಕೀ ಎಂದಿತು. ಅವಳು ನೋಡಿದಳು, ಯಂತ್ರವನ್ನು ತಟ್ಟಿದಳು, ಇನ್ನೊಂದು ಬೆರಳಿಗೆ ಚುಚ್ಚಿದಳು.

"ನೂರ ನಲವತ್ತೆಂಟು. ಉಪವಾಸ ಇದ್ದೋರಿಗೆ ತೊಂಬತ್ತರ ಆಸುಪಾಸು ಇರಬೇಕು. ಸಕ್ಕರೆ ಕಾಯಿಲೆ ಇದ್ಯಾ?"

"ನಮ್ಮ ವಂಶದಲ್ಲೇ ಇಲ್ಲ."

"ನಿನ್ನೆ ಎಷ್ಟಿತ್ತು ಅಂತ ಚೀಟಿ ಇದೆ, ಎಂಬತ್ತೊಂಬತ್ತು. ಮತ್ತೆ ಇವತ್ತು ಏನಾಯ್ತು? ನಿಜವಾಗ್ಲೂ ಏನೂ ತಿಂದಿಲ್ವಾ?"

"ದೇವರಾಣೆ ಇಲ್ಲ."

ಹೆಂಡತಿ ಇಷ್ಟು ಹೊತ್ತೂ ಗೋಡೆಗೊರಗಿ ಕೂತಿದ್ದವಳು ಎದ್ದು ಬಂದು, ಅವನ ಬಲಗೈ ಹಿಡಿದು ತಿರುಗಿಸಿ ನೋಡಿದಳು. ನಾಲ್ಕು ಬೆರಳಿನ ಉಗುರುಸಂದಿಯಲ್ಲಿ ಹೊಗೆಯ ಮಸಿ ಇತ್ತು. ತೋರುಬೆರಳು ಮಾತ್ರ ಈಗಷ್ಟೇ ಹುಟ್ಟಿದ ಕೂಸಿನ ಹಾಗೆ ಹೊಳೆಯುತ್ತಿತ್ತು.

"ಬೆಳಿಗ್ಗೆ ಪೆಟ್ಟಿಗೆ ನೋಡಿದ್ರಾ?" ಎಂದಳು.

"ನೋಡಬೇಡ್ವಾ? ನಾಡಿದ್ದು ಲಾರಿ ಬರುತ್ತೆ. ಯಾವ್ದು ಹೊರೋದು, ಯಾವ್ದು ಬಿಡೋದು ಗೊತ್ತಾಗಬೇಡ್ವಾ?"

"ಎಷ್ಟು ಪೆಟ್ಟಿಗೆ?"

"ಎಲ್ಲಾ."

"ಕಣ್ಣಲ್ಲಿ ನೋಡಿದ್ರೋ, ನಾಲಿಗೇಲೋ?"

"ಜೇನನ್ನ ಕಣ್ಣಲ್ಲಿ ಯಾರಾದ್ರೂ ನೋಡ್ತಾರಾ?" ಎಂದ ಅವನು, ನಿಜವಾದ ಆಶ್ಚರ್ಯದಿಂದ. "ಒಂದೇ ಒಂದು ಬೆರಳು."

"ಒಂದು ಬೆರಳು. ಮೂವತ್ತೆಂಟು ಸಲ," ಎಂದು ಹೆಂಡತಿ ಬೆಳಕಿನಕ್ಕನ ಕಡೆ ತಿರುಗಿದಳು. "ಬರ್ಕೊಳಮ್ಮಾ. ಮೂವತ್ತೆಂಟು ಬೆರಳು ಜೇನು."

ಬೆಳಕಿನಕ್ಕ ಬರೆದುಕೊಳ್ಳಲಿಲ್ಲ. ತುರುಬಿನ ಪೆನ್ನು ತೆಗೆದವಳು ಹಾಗೇ ನಿಂತು, "ಅಂದ್ರೆ ಒಂದು ಲೋಟ," ಎಂದಳು.

"ಅದು ತಿನ್ನೋದಲ್ಲ, ತಾಯಿ," ಎಂದ ಜೇನಿನವನು. ಈಗ ಅವನ ದನಿಯಲ್ಲಿ ಸ್ವಲ್ಪ ನೋವಿತ್ತು. "ಅದು ನೋಡೋದು. ಯಾವ ಹೂವಿಗೆ ಹೋಗಿವೆ, ಜೇನು ಪಕ್ವ ಆಗಿದ್ಯಾ, ನೀರಾಗಿದ್ಯಾ ಅಂತ. ತಿನ್ನೋದಾದ್ರೆ ಕೂತ್ಕೊಂಡು ತಿನ್ನಲ್ವಾ?"

ಅವನ ಮಟ್ಟಿಗೆ ಅದು ನೂರಕ್ಕೆ ನೂರು ಸತ್ಯವಾಗಿತ್ತು. ಅಕ್ಕಸಾಲಿಗ ಚಿನ್ನ ಉಜ್ಜಿ ನೋಡಿದರೆ ಚಿನ್ನ ಕದ್ದಂತಾಗುತ್ತದೆಯೇ? ಪ್ರತಿದಿನ ನಾಲಿಗೆಯಿಂದ ಓದುವವನಿಗೆ, ಓದಿದ್ದು ಹೊಟ್ಟೆಗೂ ಹೋಗುತ್ತದೆ ಎಂಬುದು ಮರೆತೇಹೋಗಿರುತ್ತದೆ.

ಬೆಳಕಿನಕ್ಕ ಒಳಗೆ ಹೋಗಿ ಫೋನಿನಲ್ಲಿ ಡಾಕ್ಟರ ಹತ್ತಿರ ಮಾತಾಡಿದಳು. ಹೊರಗೆ ಬಂದಾಗ ಕೈಯಲ್ಲಿ ಸೀಸದ ಒಂದು ದಪ್ಪ ಡಬ್ಬಿ ಇತ್ತು, ಉಪ್ಪಿನ ಭರಣಿಯಷ್ಟು.

"ಇದರೊಳಗೆ ಒಂದು ಚೂರು ಸಕ್ಕರೆ ಇದೆ," ಎಂದಳು. "ಬೆಳಗೋ ಸಕ್ಕರೆ. ಅದರ ಬೆಳಕು ಎರಡು ಗಂಟೆಯೊಳಗೆ ಅರ್ಧ ಆಗುತ್ತೆ, ಆಮೇಲೆ ಇನ್ನರ್ಧ. ನಿಮಗೋಸ್ಕರ ಕಾಯಲ್ಲ. ಇದನ್ನ ಈಗ ಬೇರೆಯವರಿಗೆ ಕೊಡ್ತೀನಿ. ಮಧ್ಯಾಹ್ನದ ಗಾಡೀಲಿ ಇನ್ನೊಂದು ಬರುತ್ತೆ. ಅಷ್ಟರಲ್ಲಿ ನಿಮ್ಮ ಜೇನು ಕರಗಬೇಕು. ಕರಗಿದ್ರೆ ನೋಡೋಣ."

"ಈಗಲೇ ಕೊಟ್ರೆ ಏನಾಗುತ್ತೆ?" ಎಂದು ಕೇಳಿದಳು ಹೆಂಡತಿ.

ಬೆಳಕಿನಕ್ಕ ಡಬ್ಬಿಯನ್ನು ಒಳಗಿಟ್ಟು ಬಂದು ಅವರ ಪಕ್ಕದ ಬೆಂಚಿನಲ್ಲಿ ಕೂತಳು. "ನೋಡಿ ಅಮ್ಮಾ, ಹೃದಯ ಇದ್ಯಲ್ಲ, ಉಪವಾಸ ಇದ್ದಾಗ ಅದಕ್ಕೆ ಕೊಬ್ಬೇ ಊಟ. ಸಕ್ಕರೆ ಮುಟ್ಟಲ್ಲ. ಆದ್ರೆ ಕೊಬ್ಬು ಉರಿಸೋಕೆ ಗಾಳಿ ಜಾಸ್ತಿ ಬೇಕು. ಎಲ್ಲಾದ್ರೂ ಒಂದು ಮೂಲೇಲಿ ರಕ್ತ ಸಾಲದೆ ಹೋದ್ರೆ, ಗಾಳಿನೂ ಸಾಲಲ್ಲ. ಆಗ ಆ ಮೂಲೆ ಮಾತ್ರ ಕೊಬ್ಬು ಬಿಟ್ಟು ಸಕ್ಕರೆ ತಿನ್ನೋಕೆ ಶುರು ಮಾಡುತ್ತೆ. ರಕ್ತ ವಾಪಸ್ಸು ಬಂದ್ರೂ ಒಂದು ದಿನ ಆ ಅಭ್ಯಾಸ ಬಿಡಲ್ಲ. ನಾವು ಬೆಳಗೋ ಸಕ್ಕರೆ ಕೊಟ್ಟಾಗ, ಆ ಮೂಲೆ ತಿಂದು ಬೆಳಗುತ್ತೆ, ಉಳಿದದ್ದು ಕತ್ತಲೆ. ಹೊಟ್ಟೆ ತುಂಬ ಜೇನಿದ್ರೆ ಇಡೀ ಹೃದಯನೇ ಸಕ್ಕರೆ ತಿನ್ನುತ್ತೆ. ಇಡೀ ಹೃದಯನೇ ಬೆಳಗುತ್ತೆ. ನೋಡೋಕೆ ಚೆನ್ನಾಗಿರುತ್ತೆ, ಏನೂ ಗೊತ್ತಾಗಲ್ಲ."

ಜೇನಿನವನು ಬಾಯಿ ತೆರೆದಿದ್ದ. ಅವನ ಮುಖದಲ್ಲಿ ಬೆಳಗಿನಿಂದ ಇಲ್ಲದ ಒಂದು ಕಳೆ ಬಂದಿತ್ತು.

"ತಾಯಿ, ಇದು ನಮ್ಮ ಪೆಟ್ಟಿಗೆ ಕತೆ," ಎಂದ. "ಹೂವಿಲ್ಲದ ಕಾಲದಲ್ಲಿ ನಾವು ಬಟ್ಟಲಲ್ಲಿ ಸಕ್ಕರೆ ನೀರು ಇಡ್ತೀವಿ. ಹೂವಿದ್ರೆ ಅವು ಅದನ್ನ ಮೂಸೂ ನೋಡಲ್ಲ, ಅಷ್ಟು ಜಂಬ. ಆದ್ರೆ ಒಂದ್ಸಲ ಹಸಿದ ಪೆಟ್ಟಿಗೆ ಇರುತ್ತೆ ನೋಡಿ, ಮಾರನೇ ದಿನ ಹೂವು ಬಿಟ್ರೂ, ಆ ಪೆಟ್ಟಿಗೆ ನೊಣ ಮಾತ್ರ ಬಟ್ಟಲ ಸುತ್ತಾನೇ ಸುತ್ತುತ್ತೆ. ಒಂದು ದಿನ. ಯಾವ ಪೆಟ್ಟಿಗೆ ಹಸಿದಿತ್ತು ಅಂತ ನಾನು ಹಾಗೇ ಹಿಡಿಯೋದು."

"ಒಂದು ದಿನ ಅಲ್ಲ, ಎರಡು ದಿನ," ಎಂದಳು ಹೆಂಡತಿ.

ಅವನು ಅವಳನ್ನು ನೋಡಿದ. "ನಿನಗೇನು ಗೊತ್ತು?"

ಅವಳು ಸೆರಗು ಸರಿಮಾಡಿಕೊಂಡಳು, ಅಷ್ಟೇ.

ಆಗಿನಿಂದ ಮಧ್ಯಾಹ್ನದ ಗಾಡಿಯವರೆಗೆ ಐದೂವರೆ ಗಂಟೆ. ಕಾಯುವುದು ಒಂದು ಬಗೆಯ ಪ್ರಾರ್ಥನೆ ಎಂದು ಹಿರಿಯರು ಯಾರಾದರೂ ಹೇಳಿದ್ದರೆ, ಅವರು ಜೇನಿನವನ ಪಕ್ಕದಲ್ಲಿ ಕೂತು ಕಾದಿರಲಿಕ್ಕಿಲ್ಲ. ಎಂಟು ಗಂಟೆಯ ಹೊತ್ತಿಗೇ ಅವನು ಎದುರಿಗಿದ್ದ ನಿವೃತ್ತ ಮೇಷ್ಟರಿಗೆ ರಾಣಿನೊಣದ ಸಂಸಾರದ ಗುಟ್ಟೆಲ್ಲ ಹೇಳಿ ಮುಗಿಸಿದ್ದ. ಬೆಳಗಿನ ಆ ಡಬ್ಬಿ ಸಿಕ್ಕಿದ್ದು ಆ ಮೇಷ್ಟರಿಗೇ. ಅವರು ಒಳಗೆ ಹೋಗುವಾಗ, "ನಿಮ್ಮ ಜೇನಿನಿಂದ ನನಗೆ ಬೇಗ ಊಟ ಸಿಗೋ ಹಾಗಾಯ್ತು, ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ," ಎಂದು ಹರಸಿ ಹೋದರು.

ಹನ್ನೊಂದಕ್ಕೆ ಬೆಳಕಿನಕ್ಕ ಬಂದಳು. "ಒಟ್ಟು ಎರಡು ಚಿತ್ರ. ಒಂದು, ಈಗ ರಕ್ತ ಎಲ್ಲೆಲ್ಲಿ ಹರೀತಿದೆ ಅಂತ. ಅದಕ್ಕೆ ಜೇನಿನ ಅಡ್ಡಿ ಇಲ್ಲ, ಈಗ ತೆಗೀತೀನಿ ಬನ್ನಿ. ಜೇಬಲ್ಲಿ ಕಬ್ಬಿಣ ಗಿಬ್ಬಿಣ ಇದ್ರೆ ತೆಗೀರಿ."

ಅವನು ಜೇಬಿನಿಂದ ಉಳಿ ತೆಗೆದ. ಗೇಣುದ್ದದ ಚಪ್ಪಟೆ ಕಬ್ಬಿಣ, ಒಂದು ತುದಿ ಬಾಗಿದ್ದು, ಇನ್ನೊಂದು ತುದಿಗೆ ಸವೆದು ಕನ್ನಡಿಯಂತಾದ ಮರದ ಹಿಡಿ. ಮೇಣ ಹಿಡಿದು ಬಿಗಿದ ಪೆಟ್ಟಿಗೆಯನ್ನು ಮೀಟಿ ತೆರೆಯುವುದು ಅದರಿಂದಲೇ. "ಇದನ್ನ ಹಿಡ್ಕೋ," ಎಂದು ಕಬ್ಬಿಣದ ತುದಿಯನ್ನೇ ಹೆಂಡತಿಯ ಕಡೆ ಚಾಚಿ, ಅವಳು ಹಿಡಿದಳೋ ಇಲ್ಲವೋ ನೋಡದೆ ಒಳಗೆ ಹೋದ.

ಅವಳು ಅದನ್ನು ತಿರುಗಿಸಿ ಹಿಡಿ ಕಡೆಯಿಂದ ಹಿಡಿದಳು. ಹೆಬ್ಬೆರಳು ತಾನಾಗಿ ಹೋಗಿ ಒಂದು ಸಣ್ಣ ಗುಳಿಯಲ್ಲಿ ಕೂತಿತು. ಆ ಗುಳಿ ಅವಳ ಅಪ್ಪನ ಹೆಬ್ಬೆರಳು ತೋಡಿದ್ದು. ಆಮೇಲೆ ಅವಳ ಹದಿನೆಂಟನೇ ವಯಸ್ಸಿನಿಂದ ಇಪ್ಪತ್ತೇಳರವರೆಗೆ ಅವಳ ಹೆಬ್ಬೆರಳು ಅದನ್ನು ಇನ್ನಷ್ಟು ಆಳ ಮಾಡಿತ್ತು.

ಜೇನು ಬಂದದ್ದು ಅವಳ ಜೊತೆ. ಮದುವೆಯಾಗಿ ಬರುವಾಗ ಅಪ್ಪ ನಾಲ್ಕು ಪೆಟ್ಟಿಗೆ, ಒಂದು ಹೊಗೆ ಡಬ್ಬಿ, ಈ ಉಳಿ ಕೊಟ್ಟು ಕಳಿಸಿದ್ದ. ಆಗ ಗಂಡ ಸೈಕಲ್ ರಿಪೇರಿ ಮಾಡುತ್ತಿದ್ದ. ನೊಣ ಬಂದರೆ ಒಳಗೆ ಓಡಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಮಗಳು ಹೊಟ್ಟೆಯಲ್ಲಿ ಏಳು ತಿಂಗಳಾಗಿದ್ದಾಗ ಅವನೇ ಒಂದು ದಿನ ಬಂದು, "ನೀನೀಗ ಪೆಟ್ಟಿಗೆ ಎತ್ತಬಾರದು. ಉಳಿ ಕೊಡು, ಎರಡು ತಿಂಗಳು ನಾನು ನೋಡ್ಕೋತೀನಿ," ಎಂದಿದ್ದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಅವಳು ಕೊಟ್ಟಳು. ಮಗಳು ಹುಟ್ಟಿದಳು, ನಡೆದಳು, ಶಾಲೆಗೆ ಹೋದಳು. ನಾಲ್ಕು ಪೆಟ್ಟಿಗೆ ಹತ್ತಾಯಿತು, ಹತ್ತು ಮೂವತ್ತೆಂಟಾಯಿತು, ಸೈಕಲ್ಲಿನವನು ಜೇನಿನವನಾದ. ಮೂವತ್ತೊಂದು ವರ್ಷ. ಅವನು ಮರೆತಿದ್ದ, ಅವಳು ಕೇಳಿರಲಿಲ್ಲ. ಮನೆ ಎನ್ನುವುದು ಹೀಗೆ ಕೇಳದೆ ಉಳಿದ ಎಷ್ಟೋ ಮಾತುಗಳ ಮೇಲೆ ನಿಂತಿರುತ್ತದೆ, ನಿಂತಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಅವನು ಹೊರಗೆ ಬಂದ, ಮುಖ ಊರಗಲ. "ನೋಡು, ನಾನು ಹೇಳ್ಲಿಲ್ವಾ? ರಕ್ತ ಎಲ್ಲಾ ಕಡೆ ಹರೀತಿದ್ಯಂತೆ. ಕಾಲುವೆ ನೀರು ಹರಿದ ಹಾಗೆ."

"ಈಗ ಹರೀತಿದೆ," ಎಂದಳು ಹಿಂದಿನಿಂದ ಬಂದ ಬೆಳಕಿನಕ್ಕ. "ನಿನ್ನೆ ಹತ್ತು ಗಂಟೆಗೆ ಹರೀತಿತ್ತಾ ಅನ್ನೋದು ಎರಡನೇ ಚಿತ್ರ ಹೇಳಬೇಕು."

ಅವನು ಕೈ ಚಾಚಿದ. ಹೆಂಡತಿ ಉಳಿಯನ್ನು ಕೊಟ್ಟಳು. ಅದು ಜೇಬಿಗೆ ಹೋಯಿತು.

ಒಂದೂಕಾಲಿಗೆ ಗಾಡಿ ಬಂತು, ಹೊಸ ಸೀಸದ ಡಬ್ಬಿ ಬಂತು. ಬೆರಳು ಚುಚ್ಚಿದರೆ ತೊಂಬತ್ತೆರಡು.

"ಮೂವತ್ತೆಂಟೂ ಕರಗಿದ್ವು," ಎಂದಳು ಬೆಳಕಿನಕ್ಕ. "ಆದ್ರೆ ನೋವು ಬಂದು ಇಪ್ಪತ್ತೇಳು ಗಂಟೆ ಮೇಲಾಯ್ತು. ನಿಮ್ಮ ಹೃದಯಕ್ಕೆ ಜ್ಞಾಪಕಶಕ್ತಿ ಹೇಗಿದೆ?"

"ಇವರಿಗಾ?" ಎಂದಳು ಹೆಂಡತಿ.

ಅವನು ನಕ್ಕ, ಆದರೆ ಪೂರ್ತಿ ನಗಲಿಲ್ಲ. ಸೂಜಿ ಚುಚ್ಚಿಸಿಕೊಂಡು, ಮಬ್ಬು ಬೆಳಕಿನ ಸಣ್ಣ ಕೋಣೆಯಲ್ಲಿ ಮಲಗಿದ. ಒಂದು ಗಂಟೆ ಅಲ್ಲಾಡಬಾರದು, ಮಾತಾಡಬಾರದು. ಅವನಿಗೆ ಅಲ್ಲಾಡದಿರುವುದಕ್ಕಿಂತ ಮಾತಾಡದಿರುವುದು ಕಷ್ಟ. ಬೆಳಗಿನಿಂದ ಅವನು ಕೇಳಿಕೊಳ್ಳುತ್ತಿದ್ದದ್ದು ಒಂದೇ: ಏನೂ ಸಿಗದಿರಲಿ, ನಾನು ಗುಡ್ಡಕ್ಕೆ ಹೋಗುವಂತಾಗಲಿ. ಆದರೆ ಆ ಮಬ್ಬಿನಲ್ಲಿ ಮಲಗಿದಾಗ ಹಸಿದ ಪೆಟ್ಟಿಗೆಯ ನೆನಪು ಬಿಡಲಿಲ್ಲ. ಹಸಿದ ಪೆಟ್ಟಿಗೆಯನ್ನು ಗುರುತಿಸದೆ ಉಳಿದವುಗಳ ಜೊತೆ ಲಾರಿಗೆ ಹಾಕಿದ್ದರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಒಂದು ಸಲ ಹಾಗೆ ಮಾಡಿದ್ದ. ಗುಡ್ಡದ ಮೇಲೆ ಮುಚ್ಚಳ ತೆಗೆದಾಗ ಒಳಗೆ ಸದ್ದೇ ಇರಲಿಲ್ಲ. ದೇವರೇ, ಇದ್ದರೆ ತೋರಿಸಿಬಿಡು ಎಂದುಕೊಂಡ. ಅಂದುಕೊಂಡದ್ದು ತಾನೇ ಎಂದು ನಂಬಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಹೊರಗೆ ಬೆಂಚಿನ ಮೇಲೆ ಹೆಂಡತಿ ಕಣ್ಣು ಮುಚ್ಚಿ ಕೂತಿದ್ದಳು. ಅವಳು ಏನು ಬೇಡಿಕೊಂಡಳೆಂದು ಕೇಳುವುದು ನಮ್ಮ ಕೆಲಸವಲ್ಲ.

ಯಂತ್ರದ ಸುರಂಗದಿಂದ ಅವನು ಹೊರಬಂದ ಮೇಲೆ, ನಾಲ್ಕು ಗಂಟೆಗೆ, ಹೃದಯದ ಡಾಕ್ಟರು ಇಬ್ಬರನ್ನೂ ಒಳಗೆ ಕರೆದರು. ಪರದೆಯ ಮೇಲೆ ಕಪ್ಪು. ಕಪ್ಪಿನ ನಡುವೆ, ಕುದುರೆಲಾಳದ ಆಕಾರದ ಇನ್ನೂ ತೆಳುವಾದ ಕಪ್ಪು, ಅದು ಹೃದಯ. ಆ ಲಾಳದ ಕೆಳಗಿನ ಒಂದು ಅಂಚಿನಲ್ಲಿ, ಕತ್ತಲೆಯ ಮನೆಯ ಹಿಂಬದಿಯ ಕೋಣೆಯಲ್ಲಿ ಯಾರೋ ದೀಪ ಆರಿಸಲು ಮರೆತ ಹಾಗೆ, ಒಂದು ಸಣ್ಣ ಹಳದಿ ಬೆಳಕು.

ತನ್ನೊಳಗೆ ಇಷ್ಟು ಚೆಲುವಾದದ್ದೊಂದು ಇದೆ ಎಂದು ಜೇನಿನವನು ಎಂದೂ ತಿಳಿದಿರಲಿಲ್ಲ.

"ಬಟ್ಟಲ ಹತ್ತಿರ ಸುತ್ತುತ್ತಿದೆ," ಎಂದ ಕೊನೆಗೆ, ಮೆಲ್ಲಗೆ.

"ಏನು?" ಎಂದರು ಡಾಕ್ಟರು.

"ಅವರಿಗೆ ಅರ್ಥ ಆಗಿದೆ ಸಾರ್," ಎಂದಳು ಬೆಳಕಿನಕ್ಕ.

ಡಾಕ್ಟರು ಹೇಳಿದ್ದು ಸರಳವಾಗಿತ್ತು. ಒಂದು ರಕ್ತನಾಳ ಕಿರಿದಾಗಿದೆ. ಸುಮ್ಮನಿದ್ದಾಗ ಸಾಲುತ್ತದೆ, ಭಾರ ಎತ್ತಿದಾಗ ಸಾಲುವುದಿಲ್ಲ. ಮಾಂಸ ಇನ್ನೂ ಜೀವಂತವಾಗಿದೆ, ಅದಕ್ಕೇ ಸಕ್ಕರೆ ತಿಂದಿದೆ. ಸತ್ತದ್ದು ಏನೂ ತಿನ್ನುವುದಿಲ್ಲ. ನಾಳೆ ಬೆಳಿಗ್ಗೆ ಮಣಿಕಟ್ಟಿನ ಮೂಲಕ ಒಂದು ನಳಿಕೆ ಕಳಿಸಿ ನಾಳ ಬಿಡಿಸಿ, ಮತ್ತೆ ಮುಚ್ಚದ ಹಾಗೆ ಒಳಗೆ ಸಣ್ಣ ಜಾಲರಿ ಇಡುವುದು. ಇವತ್ತಿನಿಂದಲೇ ಇಲ್ಲಿ ಮಲಗಬೇಕು. "ಗುಡ್ಡದ ಮೇಲೆ ಪೆಟ್ಟಿಗೆ ಎತ್ತುವಾಗ ಆಗಿದ್ರೆ ನನ್ನ ಹತ್ತಿರ ಬರ್ತಿರಲಿಲ್ಲ ನೀವು," ಎಂದರು. "ಮೂರು ವಾರ ಭಾರ ಮುಟ್ಟಬಾರದು."

"ಮೂರು ವಾರ," ಎಂದ ಜೇನಿನವನು. ಹೂವಿನದೂ ಅಷ್ಟೇ.

ವಾರ್ಡಿನ ಹಾಸಿಗೆ ಕಿಟಕಿಯ ಪಕ್ಕದಲ್ಲಿತ್ತು. ಬೆಳಗಿನ ಮಂಜಿನ ಗುರುತೂ ಇರಲಿಲ್ಲ. ಇಳಿಬಿಸಿಲು ಹೊದಿಕೆಯ ಮೇಲೆ ಬಿದ್ದಿತ್ತು. ಇಪ್ಪತ್ತು ಗಂಟೆಯ ಮೇಲಿನ ಮೊದಲ ಊಟ ತಟ್ಟೆಯಲ್ಲಿ ಹಾಗೇ ಇತ್ತು.

"ಮಗಳಿಗೆ ಫೋನು ಮಾಡು," ಎಂದ. "ಲಾರಿ ಬೇಡ ಅಂತ ಹೇಳಲಿ."

"ಯಾಕೆ?"

"ಯಾರು ಹೋಗ್ತಾರೆ? ಅವಳಿಗೆ ನೊಣ ಕಂಡ್ರೆ ಭಯ. ಅಳಿಯನ ಕೈ ಒರಟು. ಪಕ್ಕದ ಮನೆಯವನು ಕೂಗಾಡ್ತಾನೆ, ಪೆಟ್ಟಿಗೆ ಹತ್ರ ಕೂಗಾಡಬಾರದು."

ಹೆಂಡತಿ ತಟ್ಟೆಯನ್ನು ಅವನ ಹತ್ತಿರ ಸರಿಸಿದಳು. "ಹತ್ತೊಂಬತ್ತನೇದರಲ್ಲಿ ರಾಣಿ ಹೊಸಬಳು," ಎಂದಳು. "ಅದನ್ನ ಗುಡ್ಡದಲ್ಲಿ ಪೂರ್ವಕ್ಕೆ ಮುಖ ಮಾಡಿ ಇಡಬೇಕು. ಆರನೇದು ಸಿಡುಕು, ಅದಕ್ಕೆ ಮೊದಲೇ ಹೊಗೆ ಕೊಡಬೇಕು. ಇಪ್ಪತ್ತೆರಡು, ಇಪ್ಪತ್ಮೂರು ಪಕ್ಕಪಕ್ಕ ಇಟ್ರೆ ಒಂದರ ಜೇನು ಇನ್ನೊಂದು ಕದಿಯುತ್ತೆ. ಹದಿನಾಲ್ಕರ ಅಡಿಹಲಗೆ ಸೀಳಿದೆ, ಅದಕ್ಕೇ ನಿನ್ನೆ ನೀವು ಎರಡೂ ಕೈಲಿ ಬಳಸಿ ಹಿಡಿದು ಎತ್ತಿದ್ದು."

ಅವನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಇದೆಲ್ಲ ನಿನಗೆ..."

"ಅಡುಗೆಮನೆಗೆ ಕಿಟಕಿ ಇದೆ," ಎಂದಳು ಅವಳು.

ಮೂವತ್ತೊಂದು ವರ್ಷ ಆ ಕಿಟಕಿಯ ಕಡೆಗೆ ಬೆನ್ನು ಹಾಕಿ ಕೆಲಸ ಮಾಡಿದವನು ಈಗ ಮನಸ್ಸಿನಲ್ಲೇ ಒಂದು ಸಲ ಅದರ ಒಳಗಿನಿಂದ ಹಿತ್ತಲನ್ನು ನೋಡಿದ. ಹಿತ್ತಲು ಚೆನ್ನಾಗಿಯೇ ಕಾಣುತ್ತಿತ್ತು. ಬಾಗಿದ ಒಬ್ಬ ಗಂಡಸು, ಅವನ ಕೈಯಲ್ಲಿ ಒಂದು ಉಳಿ.

ತುತ್ತನ್ನು ಬಾಯಿಗಿಟ್ಟುಕೊಂಡು ಕೇಳಿದ: "ನೊಣ ಕಚ್ಚಿದ್ರೆ?"

"ನಮ್ಮಪ್ಪನ ಮನೆ ನೊಣ ನನಗೆ ಕಚ್ಚಲ್ಲ. ಕಚ್ತಿದ್ದದ್ದು ನಿಮಗೇ. ಬಾಗಿಲು ಹಾಕ್ಕೊಂಡು ಒಳಗಿಂದ ಕೂಗ್ತಿದ್ರಿ, ಹೋದ್ವಾ, ಹೋದ್ವಾ ಅಂತ."

ಪಕ್ಕದ ಹಾಸಿಗೆಯವನು ನಕ್ಕ. ಜೇನಿನವನಿಗೂ ನಗು ಬಂತು, ತಡೆಯಲು ನೋಡಿದ, ಆಗಲಿಲ್ಲ. ಡಾಕ್ಟರು ನಗುವಿನ ಬಗ್ಗೆ ಏನೂ ಹೇಳಿರಲಿಲ್ಲ.

"ಹಾಗಾದ್ರೆ ಕೇಳು," ಎಂದು ದಿಂಬಿಗೊರಗಿ ನೆಟ್ಟಗೆ ಕೂತ. "ಏಳು, ಹನ್ನೊಂದು, ಮೂವತ್ತು, ಇವು ಮೂರರಲ್ಲೂ ಜೇನು ನೀರು ನೀರಾಗಿದೆ. ಅವನ್ನ ಮೊದಲು ಇಳಿಸಿ ಗಾಳಿ ಇರೋ ಕಡೆ ಇಡು. ಎರಡನೇದರಲ್ಲಿ ಕಹಿ ಬಂದಿದೆ, ಎಲ್ಲೋ ಕಾಡುಹೂವಿಗೆ ಹೋಗಿವೆ, ಅದನ್ನ ಬೇರೆ ಭರಣಿಗೆ ಹಿಂಡು. ಮೂವತ್ತೈದರಲ್ಲಿ ಏನೂ ಇಲ್ಲ, ಬೆರಳಿಗೆ ಬರೀ ಮೇಣ ಸಿಕ್ತು. ಅದಕ್ಕೆ ಲಾರಿಗೆ ಹಾಕೋ ಮೊದಲೇ ಸಕ್ಕರೆ ನೀರು ಕೊಡು. ಹಸಿದಿದೆ."

ಹೀಗೆ ಮೂವತ್ತೆಂಟನ್ನೂ ಹೇಳಿದ, ಒಂದನ್ನೂ ಬಿಡಲಿಲ್ಲ. ಬೆಳಗಿನ ಮಂಜಿನಲ್ಲಿ ನಾಲಿಗೆಗೆ ಬಂದದ್ದೆಲ್ಲ ಅಲ್ಲೇ ಇತ್ತು. ಅವಳು ಬರೆದುಕೊಳ್ಳಲಿಲ್ಲ. ಒಂದೊಂದಕ್ಕೂ ತಲೆಯಾಡಿಸಿದಳು, ಎರಡು ಕಡೆ ತಿದ್ದಿದಳು, ಒಂದು ಕಡೆ ಅವನು ಒಪ್ಪಲಿಲ್ಲ, ಇನ್ನೊಂದು ಕಡೆ ಒಪ್ಪಿದ. ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಬೆಳಕಿನಕ್ಕ ಬಾಗಿಲಲ್ಲಿ ಇಣುಕಿ, "ಊಟ ಮಾಡಿದ್ರಾ, ಯಜಮಾನ್ರೇ?" ಎಂದಳು.

"ಇಲ್ಲ ತಾಯಿ, ಬರೀ ನೋಡಿದೆ," ಎಂದ ಅವನು, ತಟ್ಟೆ ಖಾಲಿ ಮಾಡಿ. ಅವಳು ನಗುತ್ತ ಹೋದಳು.

ನಾಳೆಯದು ಮುಗಿಯುವವರೆಗೆ ಹೆಂಡತಿ ಇಲ್ಲೇ ಇರುತ್ತಾಳೆ, ಆಮೇಲೆ ಮಗಳು ಬಂದು ಕೂರುತ್ತಾಳೆ, ನಾಡಿದ್ದು ಲಾರಿಯ ಮುಂದಿನ ಸೀಟಿನಲ್ಲಿ ತಾಯಿ ಹೋಗುತ್ತಾಳೆ ಎಂದು ಫೋನಿನಲ್ಲೇ ತೀರ್ಮಾನವಾಯಿತು. ಇವತ್ತು ಮಾತ್ರ ಅವಳು ಕತ್ತಲಾಗುವ ಮೊದಲು ಒಮ್ಮೆ ಮನೆಗೆ ಹೋಗಿ ಪೆಟ್ಟಿಗೆ ನೋಡಿ ಬರಬೇಕಿತ್ತು, ಮೂವತ್ತೈದು ಹಸಿದಿತ್ತು. ಅವಳು ಎದ್ದು, ಚೀಲ ಹೆಗಲಿಗೆ ಹಾಕಿಕೊಂಡಳು.

ಅವನು ದಿಂಬಿನ ಕೆಳಗೆ ಕೈ ಹಾಕಿ ಉಳಿಯನ್ನು ತೆಗೆದ. ಹೊದಿಕೆಯ ಅಂಚಿನಿಂದ ಅದರ ಮೇಣವನ್ನು ಒರೆಸಿದ, ಬಿಸಿಲಿಗೆ ಹಿಡಿದು ನೋಡಿದ, ಇನ್ನೊಮ್ಮೆ ಒರೆಸಿದ.

"ಎರಡು ತಿಂಗಳಾಯ್ತು ಅನ್ಸುತ್ತೆ," ಎಂದ, ಅವಳಿಗೆ ಮಾತ್ರ ಕೇಳುವಷ್ಟು.

ಆಮೇಲೆ ಉಳಿಯನ್ನು ಅಂಗೈಯಲ್ಲಿ ತಿರುಗಿಸಿ, ಕಬ್ಬಿಣವನ್ನು ತನ್ನ ಕಡೆಗೆ ಮಾಡಿಕೊಂಡು, ಹಿಡಿಯನ್ನು ಅವಳ ಕೈಗೆ ಕೊಟ್ಟ.